ಫೌಜಿಯು ಪಬ್ಜಿಯ ಪ್ರತಿಯೆ?

ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಸಂಸ್ಥೆಯು 2021ರ ಜನವರಿ 26ರಂದು ಹೊರತಂದ ‘ಫೌಜಿ’ ಎಂಬ ಮೊಬೈಲ್ ಯುದ್ಧದಾಟವು ಕೊರಿಯದ ‘ಪಬ್ಜಿ’ಯ ನಕಲೆಂಬ ಮಾತು ಕೃಷ್ಣಾತೀರದ ನಮ್ಮ ಹಿಪ್ಪರಗಿಯ ಕಡೆಯ ವಿದ್ಯಾರ್ಥಿಗಳಲ್ಲಿ ಇಂದಿಗೂ ಸಿದ್ಧಾಂತದಂತೆ ನಿಂತಿದೆ. ಮೆಚ್ಚಿದವರು ಅದನ್ನು ಸ್ವದೇಶೀ ಪಬ್ಜಿ ಎಂದರು; ಹಳಿದವರು ಕದ್ದ ಪಬ್ಜಿ ಎಂದರು. ಹೊಗಳಿಕೆಗೂ ತೆಗಳಿಕೆಗೂ ಆಧಾರವಾದ ಊಹೆ ಒಂದೇ; ಅದನ್ನು ಪರೀಕ್ಷಿಸಿದವರು ವಿರಳ. ಕೃತಿಚೌರ್ಯವು ಸಣ್ಣ ಆರೋಪವಲ್ಲ. ಇತಿಹಾಸದ ಅಧ್ಯಾಪಕರಾದ ನಮಗೆ ಇದು ಹೊರಗಿನ ವಿಷಯವೆಂದು ಕೆಲವರಿಗೆ ತೋರಬಹುದು. ಆದರೆ ಯಾವುದು ಯಾವುದರ ಪ್ರತಿ ಎಂಬುದು ನಮ್ಮ ಶಾಸ್ತ್ರದ ನಿತ್ಯದ ಪ್ರಶ್ನೆಯೇ ಆಗಿದೆ.

ಈ ನಂಬಿಕೆ ಹುಟ್ಟಿದ ಬಗೆಯನ್ನು ಮೊದಲು ನೋಡಬೇಕು. 2020ರ ಜೂನ್ ತಿಂಗಳಲ್ಲಿ ಗಾಲ್ವಾನ್ ಕಣಿವೆಯ ಘರ್ಷಣೆ ನಡೆಯಿತು. ಸೆಪ್ಟೆಂಬರ್ 2ರಂದು ಭಾರತ ಸರಕಾರವು ಪಬ್ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಎರಡೇ ದಿನಗಳ ಮೇಲೆ ನಟ ಅಕ್ಷಯ್ ಕುಮಾರರು ಫೌಜಿಯನ್ನು ಘೋಷಿಸಿದರು. ಹೆಸರಿನ ಪ್ರಾಸವಂತೂ ಯಾರ ಕಿವಿಗೂ ತಪ್ಪುವಂತಹುದಲ್ಲ. ಆಟವು ಕೆಲವು ತಿಂಗಳಿಂದಲೇ ಸಿದ್ಧವಾಗುತ್ತಿದ್ದಿತೆಂದು ತಯಾರಕರು ಹೇಳಿದರೂ ಕೇಳುವವರಿರಲಿಲ್ಲ. ಅದನ್ನು ಕಣ್ಣಿನಿಂದ ಕಾಣುವುದಕ್ಕೆ ನಾಲ್ಕು ತಿಂಗಳಿಗೂ ಹೆಚ್ಚು ಮೊದಲೇ ತೀರ್ಪು ಹೊರಬಿದ್ದಿದ್ದಿತು.

ಎರಡು ಓಲೆಗರಿಯ ಗ್ರಂಥಗಳಲ್ಲಿ ಕಥೆ ಒಂದೇ ಎಂದ ಮಾತ್ರಕ್ಕೆ ಒಂದು ಇನ್ನೊಂದರ ಪ್ರತಿಯಾಗದು. ಒಂದೇ ಸ್ಥಳದಲ್ಲಿ ಒಂದೇ ತಪ್ಪು, ಒಂದೇ ಲೋಪ, ಕಾರಣವಿಲ್ಲದ ಒಂದೇ ವಿಶೇಷ ಎರಡರಲ್ಲಿಯೂ ಕಂಡಾಗ ಸಂಬಂಧವು ದೃಢವಾಗುತ್ತದೆ. ಪಬ್ಜಿ ಸಂಸ್ಥೆಯು 2018ರಲ್ಲಿ ಚೀನದ ನೆಟ್‌ಈಸ್ ಕಂಪನಿಯ ಮೇಲೆ ಕ್ಯಾಲಿಫೋರ್ನಿಯದಲ್ಲಿ ದಾವೆ ಹೂಡಿದಾಗ ಎತ್ತಿ ತೋರಿಸಿದ ಅಂಶಗಳಲ್ಲಿ ಅಡಿಗೆಯ ಬಾಣಲೆಯೂ ಒಂದು. ಪಬ್ಜಿಯಲ್ಲಿ ಅದು ಆಯುಧವೂ ಹೌದು, ಗುಂಡನ್ನು ತಡೆಯುವ ಗುರಾಣಿಯೂ ಹೌದು. ಬಂದೂಕು ಇಂತಹ ಆಟಗಳಲ್ಲೆಲ್ಲ ಇರತಕ್ಕುದೇ; ಬಾಣಲೆ ಹಾಗಲ್ಲ. ಬೇರೊಂದು ಆಟದಲ್ಲಿ ಅದು ಕಂಡರೆ ಲಿಪಿಕಾರನ ಕೈತಪ್ಪು ಎರಡನೆಯ ಗ್ರಂಥದಲ್ಲಿಯೂ ಕಂಡಂತೆಯೇ. ಆ ದಾವೆಯು ರಾಜಿಯಲ್ಲಿ ಮುಗಿಯಿತು.

ಈ ಒರೆಗಲ್ಲಿಗೆ ಫೌಜಿಯನ್ನು ತಿಕ್ಕಿ ನೋಡೋಣ. ಪಬ್ಜಿಯಲ್ಲಿ ನೂರು ಮಂದಿ ವಿಮಾನದಿಂದ ಧುಮುಕುವರು. ಬರಿಗೈಯಲ್ಲಿ ಇಳಿದು ಆಯುಧಗಳನ್ನು ಹುಡುಕಿಕೊಳ್ಳುವರು. ಕಾದಾಟದ ವೃತ್ತವು ಕಿರಿದಾಗುತ್ತ ಬರುವುದು. ಕಡೆಗೆ ಉಳಿದವನೇ ಗೆದ್ದವನು. ಹೊರಬಂದಾಗಿನ ಫೌಜಿಯಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. ಒಬ್ಬ ಸೈನಿಕನು ಗಾಲ್ವಾನಿನ ದಾರಿಯಲ್ಲಿ ನಡೆಯುತ್ತ, ಎದುರಾದವರನ್ನು ಮುಷ್ಟಿಯಿಂದಲೂ ಕೈಗೆ ಸಿಕ್ಕ ಆಯುಧದಿಂದಲೂ ಹೊಡೆಯುವನು. ದಣಿದಾಗ ಬೆಂಕಿಯ ಬಳಿ ಕುಳಿತು ಚೇತರಿಸಿಕೊಳ್ಳುವನು. ಬಂದೂಕೇ ಇಲ್ಲ! ಗುಂಡಿನ ಆಟವೊಂದರ ನಕಲೆಂದು ಹಳಿಯಲ್ಪಟ್ಟ ಆಟದಲ್ಲಿ ಗುಂಡೇ ಇರಲಿಲ್ಲವೆಂಬುದನ್ನು ಗಮನಿಸದೆ ಹೋದುದು ಸೋಜಿಗವೇ ಸರಿ. ಅದೇ ವರ್ಷ ಮುಂದೆ ಬಂದೂಕುಗಳ ತಂಡಕಾಳಗವು ಸೇರಿತು, ನಿಜ. ಆದರೆ ಆಟಗಾರರು ತಮ್ಮತಮ್ಮಲ್ಲಿ ಕಾದಾಡುವ ಆ ಕ್ರಮವು 1993ರ ‘ಡೂಮ್’ ಕಾಲದಿಂದ ಬಂದ ಸಾಮಾನ್ಯ ಸೊತ್ತೇ ಹೊರತು ಪಬ್ಜಿಯ ಆಸ್ತಿಯಲ್ಲ.

ಪಬ್ಜಿಯೂ ಆಕಾಶದಿಂದ ಇಳಿದುದಲ್ಲ. ಅದನ್ನು ರೂಪಿಸಿದ ಬ್ರೆಂಡನ್ ಗ್ರೀನ್ ಅವರು ‘ಬ್ಯಾಟಲ್ ರಾಯಲ್’ ಎಂಬ 2000ದ ಜಪಾನೀ ಚಲಚ್ಚಿತ್ರದ ಋಣವನ್ನು ಒಪ್ಪಿಕೊಂಡಿದ್ದಾರೆ. ನಮ್ಮ ನೆರೆಯ ಮುಧೋಳದ ರನ್ನನೂ ತನ್ನ ‘ಗದಾಯುದ್ಧ’ದಲ್ಲಿ ಪಂಪಭಾರತದ ಹದಿಮೂರನೆಯ ಆಶ್ವಾಸಕ್ಕೆ ಋಣಿಯೇ. ಅಲ್ಲಿ ಸಾಲವು ಪ್ರತ್ಯಕ್ಷ. ಆದರೂ ಸಿಂಹಾವಲೋಕನಕ್ರಮದಿಂದ ಇಡೀ ಭಾರತವನ್ನು ಕಡೆಯ ಕಾಳಗದೊಳಕ್ಕೆ ತಂದುದು ರನ್ನನ ಸ್ವಂತದ್ದು. ಫೌಜಿಯನ್ನು ರನ್ನನಿಗೆ ಹೋಲಿಸಲು ನಾವು ಹೊರಟಿಲ್ಲ. ಹೊರಟರೆ ಮುಧೋಳದವರು ನಮ್ಮನ್ನು ಕ್ಷಮಿಸಲಾರರು. ಸಾಲ ಮಾಡಿಯೂ ಸ್ವತಂತ್ರನಾಗಬಹುದು, ಸಾಲ ಮಾಡದೆಯೂ ಬಡವನಾಗಬಹುದು ಎಂಬಷ್ಟೇ ನಮ್ಮ ಅಭಿಪ್ರಾಯ. ಫೌಜಿಯದು ಎರಡನೆಯ ಬಗೆ. ಅದೇ ಹೊಡೆತ, ಅದೇ ಎದುರಾಳಿ, ಮತ್ತೆ ಅದೇ ಬೆಂಕಿ. ಪಬ್ಜಿಯ ಆಟಗಾರನಿಗೆ ಮುಂದಿನ ಮನೆಯ ಬಾಗಿಲ ಹಿಂದೆ ಯಾರಿರುವರೋ ಎಂಬ ಅಳುಕು ಇರುತ್ತದೆ. ಫೌಜಿಯಲ್ಲಿ ಅದು ಹುಟ್ಟಲಿಲ್ಲ. ಆ ಒಂದನ್ನು ಕದ್ದಿದ್ದರೂ ಆಟವು ಮೇಲಾಗುತ್ತಿದ್ದಿತು.