ತಾಮ್ರವಲ್ಲ, ಹೊದಿಕೆ: ಎಲಿಯಾಸ್ ಸಿಮೆ ಅವರ ತಂತಿಯ ಕಲೆ

ಗುಜರಿ ವ್ಯಾಪಾರದಲ್ಲಿ ಹಳೆಯ ವಿದ್ಯುತ್ ತಂತಿಗೆ ಬೆಲೆ ಬರುವುದು ಅದರೊಳಗಿನ ತಾಮ್ರದಿಂದ. ಮೇಲಿನ ಬಣ್ಣದ ಪ್ಲಾಸ್ಟಿಕ್ ಹೊದಿಕೆ ಅಲ್ಲಿ ಬರಿಯ ಅಡ್ಡಿ. ಸುಲಿಯುವ ವ್ಯವಧಾನವಿಲ್ಲದೆಡೆ ಅದಕ್ಕೆ ಬೆಂಕಿಯಿಡುತ್ತಾರೆ. ವಿಷದ ಹೊಗೆಯೆದ್ದು ತಾಮ್ರ ಉಳಿಯುತ್ತದೆ. ಇಥಿಯೋಪಿಯದ ಕಲಾವಿದ ಎಲಿಯಾಸ್ ಸಿಮೆ ಅವರು ಈ ಲೆಕ್ಕವನ್ನೇ ತಲೆಕೆಳಗು ಮಾಡಿದ್ದಾರೆ. ಅವರಿಗೆ ಬೇಕಾದುದು ಹೊದಿಕೆಯ ಬಣ್ಣ. ತಾಮ್ರವು ಹೆಣಿಗೆಗೆ ಬಿಗಿ ಕೊಟ್ಟು ಒಳಗೇ ಅಡಗಿರುತ್ತದೆ.

1968ರಲ್ಲಿ ಅಡಿಸ್ ಅಬಾಬದಲ್ಲಿ ಜನಿಸಿದ ಸಿಮೆ, ಅಲ್ಲಿಯ ವಿಶ್ವವಿದ್ಯಾನಿಲಯದ ಕಲಾಶಾಲೆಯಿಂದ 1990ರಲ್ಲಿ ಪದವಿ ಪಡೆದರು. ಮೊದಲು ಬಟ್ಟೆಯ ಮೇಲೆ ನೂಲು, ಗುಂಡಿಗಳನ್ನು ಹೊಲಿದು ಚಿತ್ರ ಮಾಡುತ್ತಿದ್ದವರು ಅನಂತರ ತಂತಿ, ಮದರ್‌ಬೋರ್ಡ್, ಕೀಲಿಮಣೆಗಳನ್ನು ಕೈಗೆತ್ತಿಕೊಂಡರು. ಈ ಮಾಲೆಗೆ ಅವರಿಟ್ಟ ಹೆಸರು ‘ಟೈಟ್‌ರೋಪ್’, ಅಂದರೆ ನಡೆಯುವವನ ಕಾಲಡಿಯ ಬಿಗಿದ ಹಗ್ಗ. ಸಾಮಗ್ರಿ ಬರುವುದು ಆ ನಗರದ ಮೆರ್ಕಾಟೊ ಎಂಬ ಭಾರಿ ಪೇಟೆಯಿಂದ. ಅದರಲ್ಲಿ ಹಳೆಯ ಸಾಮಾನಿನ ಬೀದಿಯೊಂದಕ್ಕೆ ‘ನಿನ್ನಲ್ಲೇನಿದೆ?’ ಎಂಬರ್ಥದ ಹೆಸರಂತೆ. ವ್ಯಾಪಾರಿಯಾದ ನನಗೆ ಆ ಹೆಸರು ಬಹಳ ಹಿಡಿಸಿತು.

ನಾನು ಈ ಕೃತಿಗಳನ್ನು ಕಂಡಿರುವುದು ಮುದ್ರಿತ ಚಿತ್ರಗಳಲ್ಲಿ ಮಾತ್ರ. ಆ ಮಿತಿಯನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಚಿತ್ರವನ್ನು ದೂರ ಹಿಡಿದರೆ ವಿಮಾನದಿಂದ ಕಂಡ ಹೊಲಗದ್ದೆ, ಹೊಳೆ, ಊರು. ಹತ್ತಿರ ತಂದರೆ ಜಡೆಯಂತೆ ಹೆಣೆದು ಹಲಗೆಗೆ ಬಡಿದ ತಂತಿಯ ಸಾಲುಗಳು. ಹಸಿರು ಎಂದುಕೊಂಡ ಬಯಲು ಮದರ್‌ಬೋರ್ಡುಗಳ ಗುಂಪಾಗಿರುತ್ತದೆ. ಯಂತ್ರಕ್ಕಾಗಿ ಕ್ಷಣಾರ್ಧದಲ್ಲಿ ಸುದ್ದಿ ಸಾಗಿಸುತ್ತಿದ್ದ ತಂತಿಯನ್ನು ಇಲ್ಲಿ ಮನುಷ್ಯರ ಬೆರಳುಗಳು ಗಂಟೆಗಟ್ಟಲೆ ಕುಳಿತು ಹೆಣೆದಿವೆ. ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ಎಚ್ಚರವಿರಲೆಂದು ಮುನಿಗಳಿಗೆ ವಿಧಿಸಿದ ಆದಾನನಿಕ್ಷೇಪಣ ಸಮಿತಿ ನನಗಿಲ್ಲಿ ನೆನಪಾಯಿತು. ಕಲಾವಿದರಿಗೆ ಅದರ ಪರಿಚಯವಿರಬೇಕೆಂದೇನೂ ಇಲ್ಲ.

ಆ ಎಚ್ಚರ ನನ್ನಲ್ಲಿರಲಿಲ್ಲ. ಆದಾಯ ತೆರಿಗೆಯ ಲೆಕ್ಕದಲ್ಲಿ ಗಣಕಯಂತ್ರಕ್ಕೆ ವರ್ಷಕ್ಕೆ ಶೇಕಡಾ 40ರ ಸವಕಳಿ ಉಂಟು. ನೂರು ರೂಪಾಯಿಯ ಯಂತ್ರ ಮೂರು ವರ್ಷಕ್ಕೆ 21 ರೂಪಾಯಿ 60 ಪೈಸೆಗೆ ಇಳಿಯುತ್ತದೆ. ಈ ಪದ್ಧತಿಯಲ್ಲಿ ಎಷ್ಟು ವರ್ಷ ಕಳೆದರೂ ಸೊನ್ನೆಯಾಗುವುದಿಲ್ಲ. ಕಾಲೇಜಿನಲ್ಲಿ ಇದನ್ನು ಕಲಿತು ಪರೀಕ್ಷೆ ಬರೆದಿದ್ದೆ. ಆದರೂ ನಮ್ಮ ಅಂಗಡಿಯ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕಿದ ದಿನ, ಅವು ಎಲ್ಲಿಗೆ ಹೋಗುತ್ತವೆ, ಯಾರು ಒಡೆಯುತ್ತಾರೆ ಎಂದು ಕೇಳುವ ಗೋಜಿಗೆ ಹೋಗಲಿಲ್ಲ. ಪುಸ್ತಕದಿಂದ ತೆಗೆದುಹಾಕಿದೆ, ಅಷ್ಟೆ.

ಇನ್ನು ನನ್ನ ತಕರಾರು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿಯಂತೆ 2022ರಲ್ಲಿ ಜಗತ್ತು ಎಸೆದ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ ದಾಖಲೆಯಿರುವುದು ಶೇಕಡಾ 22.3ಕ್ಕೆ. ಕಲೆಯಿಂದ ಇದು ಕರಗೀತೆ ಎಂದು ಕೇಳುವುದು ಅನ್ಯಾಯ. ಕಸ ಕರಗಿಸುತ್ತೇನೆಂದು ಸಿಮೆ ಹೊರಟವರೂ ಅಲ್ಲ. ನನ್ನ ಆಕ್ಷೇಪ ಬೇರೆ. ಈ ಫಲಕಗಳು ಅತಿಯಾಗಿ ಸುಂದರವಾಗಿವೆ. ಬಣ್ಣದ ಹದಕ್ಕೆ ಸೋತ ಕಣ್ಣು, ತಂತಿ ಸುಟ್ಟು ಕೆಮ್ಮುವ ಹುಡುಗನವರೆಗೆ ಹೋಗುವುದಿಲ್ಲ. ಒಬ್ಬರ ಪರಿಗ್ರಹದಿಂದ ಹೊರಬಿದ್ದುದು ಚೌಕಟ್ಟು ತೊಟ್ಟು, ಬೆಲೆ ಹೊತ್ತು, ಇನ್ನೊಬ್ಬರ ಗೋಡೆಯ ಪರಿಗ್ರಹವಾಗುವುದೂ ಸುಳ್ಳಲ್ಲ.

ಹೀಗೆ ಬರೆದ ಮೇಲೂ ಆ ಚಿತ್ರಗಳನ್ನು ಮತ್ತೆ ತೆಗೆದು ನೋಡಿದೆ. ಸುಡಬೇಕಾದ ಹೊದಿಕೆ ಅಲ್ಲಿ ಸುಡದೆ ಉಳಿದಿತ್ತು. ಇದೇ ಕಲಾವಿದರು ಮೆಸ್ಕೆರೆಮ್ ಅಸೆಗೆದ್ ಅವರೊಡನೆ ಕಟ್ಟಿ, 2019ರಲ್ಲಿ ಅಡಿಸ್ ಅಬಾಬದಲ್ಲಿ ತೆರೆದ ಜೋಮಾ ಸಂಗ್ರಹಾಲಯದ ಗೋಡೆಗಳು ಮಣ್ಣು ಮತ್ತು ಹುಲ್ಲಿನವು.