ತಂಡದ ಹೆಸರು, ಒಂಟಿ ಲೆಕ್ಕ

ಅಮೆರಿಕದ ಹೈಸ್ಕೂಲು ಮಕ್ಕಳಿಗೆ ಎಆರ್‌ಎಂಎಲ್ ಎಂಬ ಗಣಿತ ಸ್ಪರ್ಧೆಯೊಂದಿದೆ. ಪೂರ್ತಿ ಹೆಸರು ಅಮೆರಿಕನ್ ರೀಜನ್ಸ್ ಮ್ಯಾಥಮ್ಯಾಟಿಕ್ಸ್ ಲೀಗ್, ಶುರುವಾದದ್ದು 1976ರಲ್ಲಿ. ತಂಡವೊಂದಕ್ಕೆ 15 ಮಕ್ಕಳು. ಊರಿನದೋ ಸೀಮೆಯದೋ ಹೆಸರು ಹೊತ್ತು ಬಂದು, ಕೆಲವು ವಿಶ್ವವಿದ್ಯಾಲಯಗಳಲ್ಲಿ ಒಂದೇ ದಿನ ಲೆಕ್ಕಕ್ಕೆ ಕೂರುತ್ತಾರೆ. ತಂಡದ ಗಣಿತ ಎಂದ ಕೂಡಲೇ ಈ ಸ್ಪರ್ಧೆಯ ಮಾತು ಬರುತ್ತದೆ. ಆದರೆ ಇದರ ಅಂಕಪಟ್ಟಿಯನ್ನು ಒಮ್ಮೆ ನಿಧಾನವಾಗಿ ನೋಡಬೇಕು.

ಒಟ್ಟು 300 ಅಂಕ. ಅದರಲ್ಲಿ 150 ವೈಯಕ್ತಿಕ ಸುತ್ತಿನದು: ಒಬ್ಬೊಬ್ಬರಿಗೂ 10 ಪ್ರಶ್ನೆ, ಎರಡೆರಡಾಗಿ, ಪ್ರತಿ ಜೋಡಿಗೆ 10 ನಿಮಿಷ. ಅಂದರೆ ಅರ್ಧ ಗೆಲುವು ಬರೀ ಕೂಡಿಸಿದ ಮೊತ್ತ. ಉಳಿದ ಅರ್ಧವನ್ನು ತಂಡದ ಸುತ್ತು, ರಿಲೇ ಮತ್ತು ಪವರ್ ಪ್ರಶ್ನೆ ತಲಾ 50ರಂತೆ ಹಂಚಿಕೊಂಡಿವೆ.

ತಂಡದ ಸುತ್ತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 10 ಪ್ರಶ್ನೆ, 20 ನಿಮಿಷ, 15 ತಲೆ. ಇಷ್ಟು ಕಡಿಮೆ ಹೊತ್ತಿನಲ್ಲಿ ಯಾರೂ ಕೂಡಿ ಯೋಚಿಸಲಾರರು. ಪ್ರಶ್ನೆಗಳನ್ನು ಹಂಚಿಕೊಂಡು ಮೂಲೆ ಹಿಡಿಯುತ್ತಾರೆ.

ನೋಡುವವರಿಗೆ ಮೋಜು ಕೊಡುವುದು ರಿಲೇ. ಮೂವರು ಒಬ್ಬರ ಹಿಂದೊಬ್ಬರು ಕೂತಿರುತ್ತಾರೆ, ಮಾತು ನಿಷಿದ್ಧ. ಮೊದಲನೆಯವನ ಉತ್ತರ ಚೀಟಿಯಲ್ಲಿ ಎರಡನೆಯವಳಿಗೆ, ಅವಳದು ಮೂರನೆಯವನಿಗೆ. ಅಂಕ ಸಿಗುವುದು ಕೊನೆಯ ಉತ್ತರಕ್ಕೆ ಮಾತ್ರ: 3 ನಿಮಿಷದೊಳಗೆ ಬಂದರೆ 5, 6 ನಿಮಿಷಕ್ಕಾದರೆ 3. ನಾನೇ ಒಂದು ಸರಪಳಿ ಕಟ್ಟುತ್ತೇನೆ. ನಿಜವಾದವು ಇದಕ್ಕಿಂತ ಬಹಳ ಬಿಗಿ. ಅಷ್ಟಭುಜಕ್ಕೆ ಎಷ್ಟು ಕರ್ಣಗಳು? ಆ ಸಂಖ್ಯೆ ಟಿ ಆದರೆ, ಮೊದಲ ಟಿ ಬೆಸ ಸಂಖ್ಯೆಗಳ ಮೊತ್ತವೆಷ್ಟು? ಆ ಮೊತ್ತವೇ ಚೌಕವೊಂದರ ವಿಸ್ತೀರ್ಣವಾದರೆ ಅದರ ಕರ್ಣದ ಉದ್ದವೆಷ್ಟು? ಉತ್ತರಗಳು 20, 400, 20√2. ಚೀಟಿ ಬರುವ ಮೊದಲೇ ಎರಡನೆಯವಳು ಟಿಯ ವರ್ಗ ಎಂದು ಬರೆದಿಟ್ಟಿರುತ್ತಾಳೆ, ಮೂರನೆಯವನು ತನ್ನ ಸೂತ್ರ ಸಿದ್ಧಮಾಡಿಕೊಂಡಿರುತ್ತಾನೆ. ಬರಲಿರುವ ಸಂಖ್ಯೆಗೆ ಜಾಗ ಬಿಟ್ಟು ಯೋಚಿಸುವ ಈ ಅಭ್ಯಾಸ ಅಪ್ಪಟ ಬೀಜಗಣಿತ. ರಿಲೇಯಲ್ಲಿ ನನಗೆ ಮೆಚ್ಚುಗೆಯಾದದ್ದು ಇದೊಂದೇ. ಮೊದಲನೆಯವನು ಎರಡರಿಂದ ಭಾಗಿಸಲು ಮರೆತು 40 ಎಂದು ಬರೆದನೋ, ಹಿಂದಿನ ಇಬ್ಬರ ತಪ್ಪಿಲ್ಲದ ಕೆಲಸ ಸೊನ್ನೆ. ಉತ್ತರ ಅನುಮಾನ ಹುಟ್ಟಿಸಿದರೂ ಕೇಳುವಂತಿಲ್ಲ. ಬಾಯಿ ಕಟ್ಟಿಹಾಕಿ ಹೊಣೆಯನ್ನು ಮಾತ್ರ ಹಂಚುವ ಆಟವನ್ನು ತಂಡದ ಕೆಲಸ ಎನ್ನಲು ನನಗೆ ಮನಸ್ಸಾಗದು.

ಪವರ್ ಪ್ರಶ್ನೆಯ ಜಾತಿಯೇ ಬೇರೆ. ಒಂದು ಗಂಟೆ ಕಾಲ, ಹದಿನೈದೂ ಜನಕ್ಕೆ ಒಂದೇ ವಿಷಯ. ಹೊಸದೊಂದು ವ್ಯಾಖ್ಯೆ ಕೊಟ್ಟು, ಸಣ್ಣ ಉದಾಹರಣೆಗಳಿಂದ ಹತ್ತಿಸಿಕೊಂಡು ಹೋಗಿ, ಕೊನೆಗೆ ಗಟ್ಟಿ ಪ್ರಮೇಯವೊಂದನ್ನು ಸಾಧಿಸಿ ಬರೆಯಲು ಹೇಳುತ್ತಾರೆ. ಬರೀ ಉತ್ತರ ಸಾಲದು, ಕಾರಣವೂ ಬೇಕು. ಇಲ್ಲಿ ಚುರುಕಿನವನಷ್ಟೇ ನಿಧಾನಿಯೂ ಬೇಕಾಗುತ್ತಾನೆ: ಗೆಳೆಯನ ವಾದದಲ್ಲಿ ಬಿಟ್ಟುಹೋದ ಸಂದರ್ಭವನ್ನು ಹಿಡಿಯುವವನು, ಐವರ ಗೀಚುಗಳನ್ನು ಓದಬಲ್ಲ ಒಂದು ಪುಟಕ್ಕೆ ಇಳಿಸುವವಳು. ಐದನೆಯ ಭಾಗ ಬಿಡಿಸಲಾಗದಿದ್ದರೂ ಅದರ ಫಲವನ್ನು ನಂಬಿ ಮತ್ತೊಬ್ಬರು ಆರನೆಯದಕ್ಕೆ ಕೈಹಾಕಬಹುದು. ಗಣಿತಜ್ಞರ ದಿನನಿತ್ಯದ ಕೆಲಸಕ್ಕೆ ಹತ್ತಿರವಾದದ್ದು ಈ ಒಂದು ಗಂಟೆ. ಅದಕ್ಕೆ ಸಿಗುವ ಬೆಲೆ ಆರನೇ ಒಂದು ಭಾಗ!

ಇದಕ್ಕೊಂದು ಸಮರ್ಥನೆಯೂ ಇದೆ. ಉತ್ತರವನ್ನು ತಾಳೆ ನೋಡುವುದು ಕ್ಷಣದ ಕೆಲಸ. ಸಾಧನೆಯನ್ನು ಓದಲು ಗಣಿತ ಬಲ್ಲ ಹಿರಿಯರು ಬೇಕು, ಅಂದೇ ಸಂಜೆಯೊಳಗೆ ಫಲಿತಾಂಶ ಬೇಕು. ನಿಜ. ಆದರೆ ಎಷ್ಟು ತೂಕ ಕೊಟ್ಟರೂ ಓದಬೇಕಾದ ಪುಟಗಳು ಅಷ್ಟೇ. ವೈಯಕ್ತಿಕ ಸುತ್ತನ್ನು 100ಕ್ಕೆ ಇಳಿಸಿ ಪವರ್ ಪ್ರಶ್ನೆಯನ್ನು 100ಕ್ಕೆ ಏರಿಸಿದರೆ, ತರಬೇತಿಯ ಸಂಜೆಗಳಲ್ಲಿ ಮಕ್ಕಳು ಏನನ್ನು ಕಲಿಯುತ್ತಾರೆ ಎಂಬುದೂ ಬದಲಾದೀತು.

ಅಂತರರಾಷ್ಟ್ರೀಯ ಒಲಿಂಪಿಯಾಡ್‌ಗೆ ದೇಶವೊಂದರಿಂದ ಆರು ಮಕ್ಕಳು ಹೋಗುತ್ತಾರೆ, ತಂಡ ಎಂದೇ ಕರೆಯುತ್ತೇವೆ. ಬರೆಯುವುದು ಮಾತ್ರ ಒಬ್ಬೊಬ್ಬರೇ. ದೇಶಗಳ ಪಟ್ಟಿ ಆಮೇಲೆ ಕೂಡಿಸಿದ್ದು. ಅದಕ್ಕೆ ಆಯ್ಕೆಮಾಡುವ ನಮ್ಮ ಐಒಕ್ಯೂಎಂ, ಆರ್‌ಎಂಒ, ಐಎನ್‌ಎಂಒ ಮೆಟ್ಟಿಲುಗಳೂ ಒಂಟಿ ಪರೀಕ್ಷೆಗಳೇ. ನಮ್ಮ ಜಿಲ್ಲೆಗಳಲ್ಲಿ ಯಾರಾದರೂ ತಂಡದ ಸ್ಪರ್ಧೆ ಶುರುಮಾಡುವುದಾದರೆ ಪವರ್ ಪ್ರಶ್ನೆಯನ್ನು ಮೊದಲು ತರಲಿ. ರಿಲೇಯನ್ನು ಊಟವಾದ ಮೇಲೆ, ಅಂಕವಿಲ್ಲದೆ ಆಡಿಸಬಹುದು.