ರಂಗಾಚಾರ್ಲು ಪುರಭವನವೂ ಅದರ ಅಂಗಳವೂ

ಸಾರ್ವಜನಿಕ ಕಟ್ಟಡವೊಂದರ ಪುನರುದ್ಧಾರಕ್ಕೆ ಕೈಹಾಕುವವರು ಮೊದಲು ವಿಚಾರಿಸತಕ್ಕದ್ದು ಅದರ ಗೋಡೆಗಳ ಬಲವನ್ನಲ್ಲ. ಅದು ಯಾವ ಉದ್ದೇಶದಿಂದ ಜನರಿಗೆ ಅರ್ಪಿತವಾಯಿತೆಂಬುದನ್ನು. ಸ್ಮಾರಕವೆಂಬುದು ಒಂದು ದಾನವೇ ಸರಿ. ದಾನವನ್ನು ಸ್ವೀಕರಿಸಿದವರು ಅದರ ಆಶಯಕ್ಕೂ ಬದ್ಧರು. ಮೈಸೂರಿನ ಪುರಭವನದ ವೃತ್ತಾಂತವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಉಚಿತ.

1881ರಲ್ಲಿ ಮೈಸೂರು ಸಂಸ್ಥಾನವು ಅರಸರಿಗೆ ಮರಳಿ ಬಂದಾಗ ದಿವಾನರಾದವರು ಸಿ. ರಂಗಾಚಾರ್ಲು. ಅದೇ ವರ್ಷದ ಅಕ್ಟೋಬರಿನಲ್ಲಿ ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಆ ಸಭೆಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ಆದರೂ ಪ್ರಜೆಗಳು ತಮ್ಮ ಕಷ್ಟಸುಖಗಳನ್ನು ಆಳುವವರ ಮುಂದೆ ಹೇಳಿಕೊಳ್ಳುವ ಮಾರ್ಗವು ಅಲ್ಲಿ ತೆರೆಯಿತು. 1883ರ ಜನವರಿಯಲ್ಲಿ ರಂಗಾಚಾರ್ಲು ತೀರಿಕೊಂಡರು. ಮರುವರ್ಷ ಅವರ ನೆನಪಿಗಾಗಿ ಈ ಭವನಕ್ಕೆ ಅಸ್ತಿಭಾರವಾಯಿತು. ಪ್ರಜೆಗಳ ಮಾತಿಗೆ ಬೆಲೆಕೊಟ್ಟವರಿಗೆ ಜನರು ಕೂಡಿ ಮಾತನಾಡುವ ಸ್ಥಳವೇ ಸ್ಮಾರಕವಾದುದು ಎಷ್ಟು ಯೋಗ್ಯವಾದ ಕಾರ್ಯ!

ಭವನದ ಶೋಭೆಯು ಅದರ ಎತ್ತರದ ಕಂಬಗಳಲ್ಲಿ ಮಾತ್ರವಿಲ್ಲ. ದೇವರಾಜ ಮಾರುಕಟ್ಟೆಯ ಗದ್ದಲದ ಸಮೀಪದಲ್ಲಿಯೇ ಅದರ ಮುಂದೆ ತೆರಪಾದ ಅಂಗಳವೊಂದಿತ್ತು. ಒಳಗಿನ ಸಭಾಂಗಣವು ಆಮಂತ್ರಿತರಿಗಾದರೆ, ಹೊರಗಿನ ಅಂಗಳವು ಕರೆಯದೆ ಬಂದವರಿಗೆ. ಎರಡೂ ಸೇರಿಯೇ ಪುರಭವನ.

ಈ ಅಂಗಳದ ಅಡಿಯಲ್ಲಿ ವಾಹನಗಳನ್ನು ನಿಲ್ಲಿಸುವ ನೆಲಮಾಳಿಗೆಯನ್ನು ಕಟ್ಟಲು ನಗರಪಾಲಿಕೆಯು 2011ರಲ್ಲಿ ತೊಡಗಿತು. ಉದ್ದೇಶವು ನಿಂದ್ಯವಲ್ಲ. ಪೇಟೆಯ ಬೀದಿಗಳು ಇಕ್ಕಟ್ಟಾದವು, ವಾಹನಗಳು ಅಸಂಖ್ಯಾತವಾದವು. ಕಟ್ಟಡವನ್ನು ಕೆಡವದೆ ಸ್ಥಳ ಮಾಡಬೇಕೆಂದರೆ ನೆಲದಡಿಗೆ ಇಳಿಯುವುದೊಂದು ಉಪಾಯವೇ ಹೌದು. ಆದರೆ ಹತ್ತು ವರ್ಷಗಳು ಕಳೆದ ಮೇಲೂ ಕೆಲಸವು ಮುಗಿದಿರಲಿಲ್ಲ. ಸ್ಮಾರಕದ ಮುಂಭಾಗವು ಅಷ್ಟು ಕಾಲ ಅಗೆದ ನೆಲವಾಗಿಯೂ ಅರೆಗೆಲಸವಾಗಿಯೂ ಉಳಿಯಿತು.

ವಿಳಂಬವು ದೋಷವೇ, ಆದರೆ ಅದು ಮುಖ್ಯ ದೋಷವಲ್ಲ. ಅಂಗಳವನ್ನು ಬರಿದಾದ ನಿವೇಶನವೆಂದು ಎಣಿಸಿದುದೇ ಮೂಲದ ತಪ್ಪು. ಬರಿದಾಗಿರುವುದೇ ಅದರ ಉಪಯೋಗವಾಗಿತ್ತು. ಕಂಬಗಳನ್ನು ಉಳಿಸಿ ಕೂಡುವ ಎಡೆಯನ್ನು ಅಗೆದರೆ, ಗ್ರಂಥದ ರಟ್ಟನ್ನು ಕಾಪಾಡಿ ಹಾಳೆಗಳನ್ನು ಕಿತ್ತಂತಾಯಿತು. ನೆಲಮಾಳಿಗೆಯ ಮೇಲಣ ನೆಲವು ಮೊದಲಿನಂತೆಯೇ ಜನರಿಗೆ ದಕ್ಕಿದರೆ ಮಾತ್ರ ಈ ಕೆಲಸವನ್ನು ಉದ್ಧಾರವೆನ್ನಬಹುದು.

ಮೈಸೂರು ದೂರವೆಂದು ಕಲ್ಯಾಣದ ಸೀಮೆಯವರು ಈ ಪ್ರಶ್ನೆಯನ್ನು ಬಿಡುವಂತಿಲ್ಲ. ಹನ್ನೆರಡನೆಯ ಶತಮಾನದ ಅನುಭವ ಮಂಟಪವು ನಾಡಿನ ನೆನಪಿನಲ್ಲಿ ಉಳಿದುದು ಕಲ್ಲಿನಿಂದಲ್ಲ, ಅಲ್ಲಿ ಕಾಯಕದವರು ಕೂಡಿ ಆಡಿದ ಮಾತಿನಿಂದ. ಬಸವಕಲ್ಯಾಣದ ನೂತನ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲಾಯಿತು. ಅದರ ಯೋಗ್ಯತೆಯನ್ನು ಅಳೆಯುವವರು ಶಿಖರದ ಎತ್ತರವನ್ನು ನೋಡುವುದಕ್ಕೆ ಮುಂಚೆ, ಕರೆಯದೆ ಬಂದವನಿಗೆ ಅಲ್ಲಿ ಕುಳಿತು ಮಾತನಾಡಲು ಎಡೆಯುಂಟೆ ಎಂದು ಕೇಳತಕ್ಕದ್ದು.